ಬೆಳ್ಳಗಿರುವುದೆಲ್ಲ ಫಂಗಸ್ ಅಲ್ಲ
ಅಕ್ವೇರಿಯಂ ಮೀನಿಗೆ ರೋಗ ಬಂದಾಗ

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ

ಪ್ರಥಮ ಪಿಯು ಪರೀಕ್ಷೆ ಮುಗಿದ ರಜೆಯಲ್ಲಿ ಈದಿಯ ದುಡ್ಡು ಕೂಡಿಸಿ ರಾಣೇಬೆನ್ನೂರಿನಿಂದ ಎರಡು ಗೋಲ್ಡ್ ಫಿಶ್ ತಂದಿದ್ದೆ. ಜೊತೆಗೆ ಒಂದು ಗಾಜಿನ ಟ್ಯಾಂಕು, ಸಣ್ಣ ಗಾಳಿ ಪಂಪು, ಸ್ಪಂಜಿನ ಫಿಲ್ಟರು. ಬ್ಯಾಡಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಅವು ಹನ್ನೊಂದು ದಿನ ಚೆನ್ನಾಗಿದ್ದವು. ಹನ್ನೆರಡನೆಯ ದಿನ ದೊಡ್ಡ ಮೀನಿನ ತುಟಿಯ ಸುತ್ತ ಬೆಳ್ಳಗೆ ಏನೋ ಹತ್ತಿಕೊಂಡಿತ್ತು. ಸಂಜೆಯ ಹೊತ್ತಿಗೆ ಬೆನ್ನ ಮೇಲೂ ಮಸುಕಾದ ಪಟ್ಟಿ. ಮೆಣಸಿನಕಾಯಿ ಘಾಟಿಗೆ ಹೀಗಾಗಿದೆ ಎಂದು ನನ್ನ ತಮ್ಮ ತೀರ್ಪು ಕೊಟ್ಟ. ಬ್ಯಾಡಗಿಯಲ್ಲಿ ಯಾರಿಗೆ ಏನಾದರೂ ಮೊದಲು ಹೇಳುವ ಕಾರಣ ಅದೇ. ಅಬ್ಬಾ ಅಂಗಡಿಗೆ ಫೋನ್ ಮಾಡಿದರು.

"ಬೆಳ್ಳಗ ಆಗ್ಯದಲ್ಲ, ಫಂಗಸ್ ಐತ್ರಿ ಅದು. ನೀಲಿ ಔಷಧ ಒಂದು ಮುಚ್ಚಳ ಹಾಕ್ರಿ. ನೀರು ಸ್ವಲ್ಪ ಬೆಚ್ಚಗ ಇಡ್ರಿ."

ಹೇಳಿದ ಹಾಗೆಯೇ ಮಾಡಿದೆವು. ಏಪ್ರಿಲ್ ತಿಂಗಳ ಬಿಸಿಲಿಗೆ ಟ್ಯಾಂಕನ್ನು ಕಿಟಕಿಯ ಹತ್ತಿರ ಸರಿಸಿದೆವು. ನೀರು ಕೊಳಕಾಗಿರಬಹುದೆಂದು ನಾನು ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಚೆನ್ನಾಗಿ ಹಿಂಡಿ ತೊಳೆದೆ. ಮೂರನೆಯ ದಿನ ಫಜರ್‌ಗೆ ಎದ್ದ ಅಮ್ಮಿ ನೋಡಿದಾಗ ಎರಡೂ ಮೇಲೆ ತೇಲುತ್ತಿದ್ದವು.

ಡಿಸೆಂಬರಿನಲ್ಲಿ ನಮ್ಮ ಕಾಲೇಜಿನ ಜೀವಶಾಸ್ತ್ರ ಪ್ರಯೋಗಾಲಯದ ಟ್ಯಾಂಕಿನಲ್ಲಿ ಒಂದು ಗೋಲ್ಡ್ ಫಿಶ್‌ನ ಬಾಲಕ್ಕೆ ಬಿಳಿ ಹತ್ತಿ ಅಂಟಿಕೊಂಡಂತೆ ಕಂಡಿತು. ನಾನು ಓಡಿಹೋಗಿ "ಸರ್, ನೀಲಿ ಔಷಧ ತರಲಾ?" ಎಂದೆ. ಸರ್ ಕುರ್ಚಿಯಿಂದ ಏಳಲಿಲ್ಲ. "ಮೀನ ಆಮ್ಯಾಲ ನೋಡೋಣ. ಮೊದಲು ನೀರ ನೋಡು" ಎಂದರು. ಆ ಮೀನು ಇವತ್ತಿಗೂ ಇದೆ. ನನ್ನ ಎರಡು ಮೀನುಗಳು ಸತ್ತದ್ದೇಕೆ, ಇದು ಬದುಕಿದ್ದೇಕೆ ಎಂದು ಆ ಚಳಿಗಾಲವಿಡೀ ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮಲ್ಲಿ ಹಲವರ ಮನೆಯಲ್ಲಿ ಈಗ ಅಕ್ವೇರಿಯಂ ಇದೆ. ನೀಲಿ ಬಾಟಲಿಯೂ ಇರುತ್ತದೆ.

ಹತ್ತಿಯೋ, ಪೊರೆಯೋ?

ಮೀನಿನ ಮೈಮೇಲೆ ಬೆಳ್ಳಗೆ ಕಾಣುವ ರೋಗಗಳು ಮುಖ್ಯವಾಗಿ ಮೂರು. ಮೂರಕ್ಕೂ ಕಾರಣ ಬೇರೆ, ಔಷಧ ಬೇರೆ.

ಮೈತುಂಬ ರವೆ ಉದುರಿಸಿದಂತೆ ಸಣ್ಣ ಸಣ್ಣ ಬಿಡಿ ಚುಕ್ಕೆಗಳಿದ್ದರೆ ಅದು ಶಿಲೀಂಧ್ರವೂ ಅಲ್ಲ, ಬ್ಯಾಕ್ಟೀರಿಯಾವೂ ಅಲ್ಲ. ಅದು ಇಕ್ ಎಂಬ ಏಕಕೋಶ ಪರಾವಲಂಬಿ. ಅದರ ಕಥೆ ಇನ್ನೊಮ್ಮೆ.

ಎರಡನೆಯದು ಹತ್ತಿಯಂಥದ್ದು. ನೀರಿನಲ್ಲಿ ಎಳೆ ಎಳೆಯಾಗಿ ಅಲುಗಾಡುತ್ತದೆ, ಮೀನನ್ನು ಹೊರತೆಗೆದರೆ ಮೈಗೆ ಮೆತ್ತಿಕೊಂಡು ಲೋಳೆಯಂತಾಗುತ್ತದೆ. ಸಾಮಾನ್ಯವಾಗಿ ಒಂದೇ ಜಾಗದಲ್ಲಿ, ಅದೂ ಮೊದಲೇ ಗಾಯವಾದ ಜಾಗದಲ್ಲಿ ಶುರುವಾಗುತ್ತದೆ. ಇದು ಸಾಪ್ರೊಲೆಗ್ನಿಯಾ ಮತ್ತು ಅದರ ಬಳಗ. ಅಂಗಡಿಯವರು ಫಂಗಸ್ ಎನ್ನುವುದು ಇದನ್ನೇ. ನಿಜ ಹೇಳಬೇಕೆಂದರೆ ಇದು ಈಗಿನ ವರ್ಗೀಕರಣದಲ್ಲಿ ಶಿಲೀಂಧ್ರವೇ ಅಲ್ಲ. ಶಿಲೀಂಧ್ರಗಳ ಕೋಶಭಿತ್ತಿಯಲ್ಲಿ ಕೈಟಿನ್ ಇರುತ್ತದೆ, ಇದರದ್ದರಲ್ಲಿ ಮುಖ್ಯವಾಗಿ ಸೆಲ್ಯುಲೋಸ್ ಮತ್ತು ಅದರಂಥ ಗ್ಲೂಕನ್‌ಗಳು. ಊಮೈಸೀಟ್ ಅಂದರೆ ನೀರಚ್ಚು ಎಂಬ ಗುಂಪಿನ ಇದು ಕಂದು ಪಾಚಿಗಳಿಗೆ, ಡಯಾಟಮ್‌ಗಳಿಗೆ ಹತ್ತಿರದ ಸಂಬಂಧಿ. ಪ್ರಥಮ ಪಿಯು ಪಠ್ಯದಲ್ಲಿ ಫೈಕೋಮೈಸೀಟ್ಸ್ ಕೆಳಗೆ ಸಾಸಿವೆ ಗಿಡದ ಅಲ್ಬುಗೋ ಓದಿದ್ದು ನೆನಪಿದೆಯೇ? ಅದೂ ಇದೇ ಗುಂಪಿನದು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ಕೊಳೆಸಿ ಬರಗಾಲ ತಂದದ್ದೂ ಇವರದೇ ದಾಯಾದಿ. (ಪರೀಕ್ಷೆಯಲ್ಲಿ ಮಾತ್ರ ಪಠ್ಯದಲ್ಲಿ ಇದ್ದ ಹಾಗೆಯೇ ಬರೆಯಿರಿ.)

ಮೂರನೆಯದು ಪೊರೆಯಂಥದ್ದು. ಎಳೆಗಳಿಲ್ಲ. ತುಟಿಯ ಸುತ್ತ, ಬೆನ್ನಿನ ರೆಕ್ಕೆಯ ಬುಡದಲ್ಲಿ, ಕಿವಿರಿನಲ್ಲಿ ಬೂದುಬಿಳಿ ಅಥವಾ ಸ್ವಲ್ಪ ಹಳದಿ ಛಾಯೆಯ ಮಸುಕು ಕಲೆ. ಬೆನ್ನ ಮೇಲೆ ಅದು ಕುದುರೆಯ ಜೀನು ಹಾಕಿದಂತೆ ಎರಡೂ ಬದಿಗೆ ಇಳಿಯುತ್ತದೆ. ಇದು ಕಾಲಮ್ನಾರಿಸ್ ರೋಗ. ಇದನ್ನು ತರುವುದು ಫ್ಲೇವೊಬ್ಯಾಕ್ಟೀರಿಯಂ ಕಾಲಮ್ನೇರ್ ಎಂಬ ಬ್ಯಾಕ್ಟೀರಿಯಾ. ಸೂಕ್ಷ್ಮದರ್ಶಕದಲ್ಲಿ ಇದರ ಉದ್ದ ಕಡ್ಡಿಯಂಥ ಕೋಶಗಳು ಒಂದರ ಮೇಲೊಂದು ಏರಿ ಕಂಬದಂತೆ, ಹುಲ್ಲಿನ ಬಣವಿಯಂತೆ ನಿಲ್ಲುತ್ತವೆ. ಹೆಸರು ಬಂದದ್ದು ಅದರಿಂದಲೇ. ಬಾಯಿಯ ಸುತ್ತ ಬಂದಾಗ ಇದೂ ಹತ್ತಿಯಂತೆ ಕಾಣುವುದರಿಂದ ಅನುಭವಸ್ಥರೂ ಮೋಸ ಹೋಗುತ್ತಾರೆ.

ನನ್ನ ಮೀನಿಗೆ ಬಂದದ್ದು ಈ ಮೂರನೆಯದೇ ಎಂದು ಈಗ ನನಗೆ ಅನ್ನಿಸುತ್ತದೆ. ತುಟಿಯಲ್ಲಿ ಶುರುವಾಯಿತು, ಒಂದೇ ದಿನದಲ್ಲಿ ಬೆನ್ನಿಗೆ ಹಬ್ಬಿತು, ಎರಡು ಮೀನೂ ಒಟ್ಟಿಗೆ ಸತ್ತವು. ನೀರಚ್ಚು ಇಷ್ಟು ಅವಸರ ಮಾಡುವುದಿಲ್ಲ, ಅದಕ್ಕೆ ದಿನಗಳು ಬೇಕು. ಕಾಲಮ್ನಾರಿಸ್ ಬಿಸಿ ನೀರಿನಲ್ಲಿ ಒಂದೆರಡು ದಿನಗಳಲ್ಲೇ ಕೊಲ್ಲಬಲ್ಲದು.

"ಬೆಚ್ಚಗ ಇಡ್ರಿ" ಎಂಬ ಮಾತು ನಮಗೆ ಮುಳುವಾದದ್ದು ಇಲ್ಲಿ. ಸಾಪ್ರೊಲೆಗ್ನಿಯಾಕ್ಕೆ ತಣ್ಣನೆಯ ನೀರು ಇಷ್ಟ, ಅದಕ್ಕಾದರೆ ನೀರನ್ನು ಸ್ವಲ್ಪ ಬೆಚ್ಚಗೆ ಮಾಡುವುದರಲ್ಲಿ ಅರ್ಥವಿದೆ. ಕಾಲಮ್ನಾರಿಸ್‌ಗೆ ಬಿಸಿಯೇ ಇಷ್ಟ. 25 ಡಿಗ್ರಿ ದಾಟಿದ ಮೇಲೆ ಅದರ ಅಬ್ಬರ ಹೆಚ್ಚು. ನಮ್ಮ ಜಿಲ್ಲೆಯ ಬೇಸಿಗೆ ಗೊತ್ತಲ್ಲ, ಪಡಸಾಲೆಯ ನೀರು ಯಾವ ಹೀಟರೂ ಇಲ್ಲದೆ 30 ಮುಟ್ಟುತ್ತದೆ. ಅದನ್ನು ಕಿಟಕಿಯ ಬಿಸಿಲಿಗೆ ಸರಿಸಿ ನಾವು ರೋಗಕ್ಕೇ ಕಾವು ಕೊಟ್ಟೆವು. ಅದರ ಮೇಲೆ, 20 ಡಿಗ್ರಿಯ ಸಿಹಿನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು. 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಕಿವಿರಿಗೇ ರೋಗ ಬಂದ ಮೀನಿಗೆ ಆ ಒಂದೂವರೆ ಮಿಲಿಗ್ರಾಂ ಸಣ್ಣದಲ್ಲ. ಜೊತೆಗೆ ಕರೆಂಟ್ ಹೋದರೆ ಪಂಪೂ ನಿಲ್ಲುತ್ತದೆ.

ಪ್ರಯೋಗಾಲಯದಲ್ಲಿ ಸರ್ ಮೀನಿನ ಬಾಲದಿಂದ ಒಂದು ಚೂರು ಬಿಳಿಯನ್ನು ಚಿಮಟಿಗೆಯಲ್ಲಿ ತೆಗೆದು ಸ್ಲೈಡಿಗೆ ಹಾಕಿದರು. ಒಂದು ಹನಿ ನೀರು, ಕವರ್ ಸ್ಲಿಪ್, ಅಷ್ಟೇ. ಕವಲೊಡೆದ ಉದ್ದನೆಯ ಕೊಳವೆಗಳು, ನಡುವೆ ಅಡ್ಡಗೋಡೆಯೇ ಇಲ್ಲ, ತುದಿಯಲ್ಲಿ ದುಂಡಗೆ ಉಬ್ಬಿದ ಚೀಲ. ಆ ಚೀಲದಿಂದ ಕಶಾಂಗವಿರುವ ಝೂಸ್ಪೋರ್‌ಗಳು ಹೊರಬಂದು ನೀರಿನಲ್ಲಿ ಈಜಿ ಹೊಸ ಗಾಯ ಹುಡುಕುತ್ತವೆ. ಐದು ನಿಮಿಷದಲ್ಲಿ ಗುರುತು ಸಿಕ್ಕಿತು. ಕಾಲೇಜಿನಲ್ಲಿ ಸೂಕ್ಷ್ಮದರ್ಶಕ ಇರುವಾಗ ಊಹೆ ಮಾಡುವ ಅಗತ್ಯ ಯಾರಿಗೂ ಇಲ್ಲ.

ಬಿಳಿಯಾಗಿ ಕಾಣದ ಬ್ಯಾಕ್ಟೀರಿಯಾ ರೋಗಗಳೂ ಇವೆ. ರೆಕ್ಕೆಯ ಅಂಚು ಹರಿದ ಬಟ್ಟೆಯಂತೆ ಸವೆಯುತ್ತ ಬಂದರೆ ಅದು ರೆಕ್ಕೆ ಕೊಳೆ. ಏರೊಮೊನಾಸ್, ಸ್ಯೂಡೊಮೊನಾಸ್ ಮುಂತಾದವುಗಳ ಕೆಲಸ. ಬೇಗ ಕಂಡರೆ ಶುದ್ಧ ನೀರೊಂದರಿಂದಲೇ ಹಲವು ಮೀನುಗಳು ಗುಣವಾಗಿ ರೆಕ್ಕೆ ಮತ್ತೆ ಬೆಳೆಯುತ್ತದೆ. ಹೊಟ್ಟೆ ಉಬ್ಬಿ ಹುರುಪೆಗಳು ಎದ್ದು ನಿಂತರೆ ಡ್ರಾಪ್ಸಿ. ಆ ಹೊತ್ತಿಗೆ ಒಳಗಿನ ಮೂತ್ರಪಿಂಡ ಸೋತಿರುತ್ತದೆ, ಉಳಿಯುವುದು ಕಡಿಮೆ.

ಮೊದಲು ನೀರು

ಸಾಪ್ರೊಲೆಗ್ನಿಯಾ, ಏರೊಮೊನಾಸ್ ಎರಡೂ ಹೊರಗಿನಿಂದ ದಾಳಿ ಮಾಡಲು ಬಂದವಲ್ಲ. ಕೆರೆಯಲ್ಲಿ, ಹೊಳೆಯಲ್ಲಿ, ಪ್ರತಿ ಟ್ಯಾಂಕಿನಲ್ಲಿ ಅವು ಯಾವಾಗಲೂ ಇರುತ್ತವೆ. ಆರೋಗ್ಯವಾಗಿರುವ ಮೀನಿನ ಲೋಳೆಪದರ ಅವನ್ನು ತಡೆಯುತ್ತದೆ. ಆ ಪದರ ಹರಿದಾಗ ಅಥವಾ ಮೀನು ಸೊರಗಿದಾಗ ಒಳಗೆ ಬರುತ್ತವೆ. ಹಾಗಾಗಿ ಮೀನು ಸೊರಗಿದ್ದೇಕೆ ಎಂದು ಮೊದಲು ನೋಡಬೇಕು.

ಹತ್ತರಲ್ಲಿ ಒಂಬತ್ತು ಸಲ ಉತ್ತರ ಅಮೋನಿಯಾ ಎಂದು ಸರ್ ಹೇಳುತ್ತಾರೆ. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ, ಉಳಿದ ಆಹಾರ ಕೊಳೆತಾಗಲೂ ಅದೇ ಹುಟ್ಟುತ್ತದೆ. ನೈಟ್ರೊಸೊಮೊನಾಸ್‌ನಂಥ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ, ನೈಟ್ರೊಬ್ಯಾಕ್ಟರ್‌ನಂಥವು ನೈಟ್ರೇಟ್ ಮಾಡುತ್ತವೆ. ಪುಸ್ತಕದ ಸಾರಜನಕ ಚಕ್ರ ನಿಜವಾಗಿ ತಿರುಗುವುದು ಫಿಲ್ಟರಿನ ಆ ಕೊಳಕು ಸ್ಪಂಜಿನಲ್ಲಿ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಾನು ಮೊದಲ ದಿನವೇ ಎರಡು ಮೀನು ಬಿಟ್ಟಿದ್ದೆ, ತಮ್ಮ ದಿನಕ್ಕೆ ಮೂರು ಸಲ ಬಿಸ್ಕತ್ತು ಪುಡಿ ಹಾಕುತ್ತಿದ್ದ. ಹನ್ನೆರಡನೆಯ ದಿನಕ್ಕೆ ರೋಗ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ. ಅಷ್ಟಿಷ್ಟು ನೆಲೆಯೂರಿದ್ದ ಬ್ಯಾಕ್ಟೀರಿಯಾವನ್ನೂ ನಾನು ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ತೊಳೆದು ಕೊಂದೆ. ಸ್ಪಂಜನ್ನು ಟ್ಯಾಂಕಿನಿಂದಲೇ ತೆಗೆದ ನೀರಿನಲ್ಲಿ ಅದ್ದಿ ಹಿಂಡಿದರೆ ಸಾಕು.

ಇನ್ನೊಂದು ವಿಷಯ ನಮ್ಮ ಊರಿನವರಿಗೆ ಮುಖ್ಯ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ. ಅಮೋನಿಯಂ ಅಯಾನು ಮೀನಿಗೆ ಅಷ್ಟು ಅಪಾಯವಲ್ಲ, ಅಯಾನಾಗದ ಅಮೋನಿಯಾ ವಿಷ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಆ ವಿಷರೂಪ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಪಿಎಚ್ 8 ಆದರೆ ಸುಮಾರು ಐದು ಪಾಲು. ಕೊಡದ ತಳದಲ್ಲಿ ಬಿಳಿ ಸುಣ್ಣ ಕಟ್ಟುವ ಗಡಸು ಬೋರ್‌ವೆಲ್ ನೀರು ಸಾಮಾನ್ಯವಾಗಿ ಕ್ಷಾರದ ಕಡೆಗೇ ಇರುತ್ತದೆ. ಅಷ್ಟೇ ಆಹಾರ, ಅಷ್ಟೇ ಮೀನು, ಆದರೆ ಆ ನೀರಿನಲ್ಲಿ ವಿಷ ಹೆಚ್ಚು.

ಹಾಗಾದರೆ ನಲ್ಲಿ ನೀರು ಒಳ್ಳೆಯದೇ? ಒಳ್ಳೆಯದು, ಆದರೆ ಅದರಲ್ಲಿ ಕ್ಲೋರಿನ್ ಇರುತ್ತದೆ. ಬಕೆಟ್ಟಿನಲ್ಲಿ ತುಂಬಿ ಒಂದು ದಿನ ತೆರೆದಿಟ್ಟರೆ ಬಹುಪಾಲು ಹೋಗುತ್ತದೆ, ಪಂಪಿನಿಂದ ಗುಳ್ಳೆ ಬಿಟ್ಟರೆ ಇನ್ನೂ ಬೇಗ. ಅಂಗಡಿಯಲ್ಲಿ ಸಿಗುವ ಆ್ಯಂಟಿಕ್ಲೋರಿನ್ ಎಂದರೆ ಬೇರೇನಲ್ಲ, ನಮ್ಮ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಅಯೋಡಿನ್ ಟೈಟ್ರೇಶನ್‌ಗೆ ಬಳಸುವ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್. ಒಂದೇ ಸಲ ಎಲ್ಲ ನೀರನ್ನೂ ಬದಲಿಸಬೇಡಿ. ಮೀನು ಕಾಯಿಲೆ ಬಿದ್ದಾಗ ದಿನಕ್ಕೆ ನಾಲ್ಕನೇ ಒಂದರಿಂದ ಮೂರನೇ ಒಂದು ಭಾಗ, ಅದೂ ಟ್ಯಾಂಕಿನಷ್ಟೇ ಬಿಸಿಯಿರುವ ನೀರು.

ಕಲ್ಲುಪ್ಪಿನ ಲೆಕ್ಕ

ಪ್ರಯೋಗಾಲಯದ ಮೀನಿನ ಬಾಲ ಒಂದು ಚೂಪು ಕಲ್ಲಿಗೆ ತಾಗಿ ಸೀಳಿತ್ತು. ಮೊದಲು ಆ ಕಲ್ಲನ್ನು ತೆಗೆದೆವು. ಆಮೇಲೆ ಮೀನನ್ನು 20 ಲೀಟರ್ ನೀರಿದ್ದ ಪ್ಲಾಸ್ಟಿಕ್ ಟಬ್ಬಿಗೆ ಬದಲಿಸಿ, ಗಾಳಿ ಪಂಪು ಹಾಕಿ, ಉಪ್ಪು ಕೊಟ್ಟೆವು.

ಉಪ್ಪು ಹೇಗೆ ಔಷಧವಾಗುತ್ತದೆ? ಸಿಹಿನೀರಿನ ಮೀನಿನ ರಕ್ತ ಸುತ್ತಲಿನ ನೀರಿಗಿಂತ ಉಪ್ಪಾಗಿರುತ್ತದೆ. ಅಭಿಸರಣದಿಂದ ನೀರು ಸದಾ ಒಳಗೆ ನುಗ್ಗುತ್ತಿರುತ್ತದೆ, ಅದನ್ನು ಹೊರಹಾಕಲು, ಲವಣ ಉಳಿಸಿಕೊಳ್ಳಲು ಮೀನು ದಿನವಿಡೀ ಶಕ್ತಿ ಖರ್ಚು ಮಾಡುತ್ತದೆ. ಗಾಯವಾದರೆ ಆ ಜಾಗದಲ್ಲಿ ಕಟ್ಟೆ ಒಡೆದಂತೆ. ನೀರಿಗೆ ಸ್ವಲ್ಪ ಉಪ್ಪು ಹಾಕಿದರೆ ಒಳಗು ಹೊರಗಿನ ಅಂತರ ಕಡಿಮೆಯಾಗಿ ಮೀನಿಗೆ ಉಸಿರು ಬಿಡಲು ಬಿಡುವು ಸಿಗುತ್ತದೆ. ನೀರಚ್ಚಿನ ಬೆಳವಣಿಗೆಯನ್ನೂ, ಕಾಲಮ್ನಾರಿಸ್ ಬ್ಯಾಕ್ಟೀರಿಯಾವನ್ನೂ ಉಪ್ಪು ತಗ್ಗಿಸುತ್ತದೆ. ರೋಗ ಯಾವುದೆಂದು ಪಕ್ಕಾ ಗೊತ್ತಿಲ್ಲದಾಗಲೂ ಧೈರ್ಯವಾಗಿ ಶುರು ಮಾಡಬಹುದಾದ ಔಷಧ ನನ್ನ ಮಟ್ಟಿಗೆ ಇದೊಂದೇ.

ಪ್ರಮಾಣ ಲೀಟರಿಗೆ 1ರಿಂದ 3 ಗ್ರಾಂ. ನಾವು 2 ಗ್ರಾಂ ಆಯ್ದುಕೊಂಡೆವು, ಅಂದರೆ 20 ಲೀಟರಿಗೆ 40 ಗ್ರಾಂ ಕಲ್ಲುಪ್ಪು. ತಕ್ಕಡಿಯಲ್ಲಿ ತೂಗಿ, ಬೇರೆ ಪಾತ್ರೆಯಲ್ಲಿ ಕರಗಿಸಿ, ಅರ್ಧ ಬೆಳಿಗ್ಗೆ, ಅರ್ಧ ಸಂಜೆ ಹಾಕಿದೆವು. ದಿನಾ 6 ಲೀಟರ್ ನೀರು ತೆಗೆದು ಹೊಸದು ಹಾಕುವಾಗ ಆ 6 ಲೀಟರಿಗೆ ಮಾತ್ರ 12 ಗ್ರಾಂ ಸೇರಿಸಿದೆವು. ಆವಿಯಾಗಿ ಕಡಿಮೆಯಾದ ನೀರಿಗೆ ಮಾತ್ರ ಉಪ್ಪು ಸೇರಿಸಬಾರದು, ನೀರು ಹೋಗುತ್ತದೆಯೇ ಹೊರತು ಉಪ್ಪು ಹೋಗುವುದಿಲ್ಲ. ನಾಲ್ಕನೆಯ ದಿನ ಹತ್ತಿ ಕಳಚಿ ಬಿತ್ತು. ಹತ್ತು ದಿನಕ್ಕೆ ಬಾಲದ ತುದಿಯಲ್ಲಿ ಗಾಜಿನಂಥ ಹೊಸ ಅಂಚು ಮೂಡಿತು. ನೆನಪಿಡಿ, ಗೋಲ್ಡ್ ಫಿಶ್, ಗಪ್ಪಿ, ಮೋಲಿಗಳು ಇಷ್ಟು ಉಪ್ಪು ತಾಳುತ್ತವೆ. ಹುರುಪೆಯಿಲ್ಲದ ಕ್ಯಾಟ್ ಫಿಶ್‌ಗಳಿಗೆ, ಬಸವನಹುಳುಗಳಿಗೆ, ಟ್ಯಾಂಕಿನ ಗಿಡಗಳಿಗೆ ಕಷ್ಟ. ಬೇರೆ ಟಬ್ ಬೇಕೆನ್ನುವುದು ಇದಕ್ಕೇ.

ನೀಲಿ ಬಾಟಲಿ, ಮತ್ತು ಅದಕ್ಕಿಂತ ದೊಡ್ಡ ತಪ್ಪು

ನೀಲಿ ಔಷಧ ಎಂದರೆ ಮಿಥಿಲೀನ್ ಬ್ಲೂ. ಕೆಟ್ಟದ್ದಲ್ಲ. ನೀರಚ್ಚಿಗೆ, ಮುಖ್ಯವಾಗಿ ಮೀನಿನ ಮೊಟ್ಟೆಗಳಿಗೆ ಬೂಷ್ಟು ಹಿಡಿಯದಂತೆ ನೋಡಿಕೊಳ್ಳಲು ಬಹಳ ಉಪಯೋಗ. ಆದರೆ ಕಾಲಮ್ನಾರಿಸ್ ಮೈಗೆ ಹಬ್ಬಿದ ಮೇಲೆ ಅದನ್ನು ನಂಬಿ ಕೂರುವಂತಿಲ್ಲ. ಜೊತೆಗೆ ಅದು ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಆದ್ದರಿಂದ ಅದನ್ನು ಹಾಕುವುದಿದ್ದರೂ ಟಬ್ಬಿನಲ್ಲಿ, ದೊಡ್ಡ ಟ್ಯಾಂಕಿನಲ್ಲಲ್ಲ. "ಒಂದು ಮುಚ್ಚಳ" ಎನ್ನುವುದು ಅಳತೆಯೇ ಅಲ್ಲ, ಬಾಟಲಿಯಿಂದ ಬಾಟಲಿಗೆ ಸಾಂದ್ರತೆ ಬೇರೆ. ಟ್ಯಾಂಕಿನ ಉದ್ದ, ಅಗಲ, ನೀರಿನ ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ನನ್ನ ಟ್ಯಾಂಕು 45, 25, 22. ಕಲ್ಲುಗಳನ್ನು ಕಳೆದರೆ 25 ಲೀಟರೂ ಇರಲಿಲ್ಲ. ಅದನ್ನು ಅಂಗಡಿಯವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಇನ್ನೊಂದು ಮಾತು, ಪ್ರಯೋಗಾಲಯದ ಸ್ಟೇನ್ ಬಾಟಲಿಯನ್ನು ಮನೆಗೆ ಒಯ್ಯಬೇಡಿ. ಲೋಫ್ಲರ್ ಮಿಥಿಲೀನ್ ಬ್ಲೂದಲ್ಲಿ ಆಲ್ಕೋಹಾಲ್ ಮತ್ತು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಇರುತ್ತವೆ.

ಕೆಲವು ಬಾಟಲಿಗಳಲ್ಲಿ ಹಸಿರು ಬಣ್ಣದ ಮಾಲಕೈಟ್ ಗ್ರೀನ್ ಇರುತ್ತದೆ. ನೀರಚ್ಚಿಗೆ ಅದು ಬಲವಾದ ಔಷಧ, ಆದರೆ ವಿಷಕಾರಿ. ತಿನ್ನುವ ಮೀನಿಗೆ ಅದನ್ನು ಬಳಸುವಂತಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಅದನ್ನು ತರದಿರುವುದೇ ವಾಸಿ.

ಕಾಲಮ್ನಾರಿಸ್ ಎಂದು ಅನುಮಾನ ಬಂದರೆ ಏನು ಮಾಡಬೇಕು? ಮೀನನ್ನು ತಕ್ಷಣ ಬೇರೆ ಮಾಡಿ. ಉಪ್ಪು ಕೊಡಿ. ಗಾಳಿ ಹೆಚ್ಚಿಸಿ. ಗೋಲ್ಡ್ ಫಿಶ್ ಆದರೆ ನೀರನ್ನು ನಿಧಾನವಾಗಿ ತಣ್ಣಗೆ ಮಾಡಿ. ಟಬ್ಬನ್ನು ನೆರಳಿಗೆ ತಂದು, ಮುಚ್ಚಳ ಬಿಗಿಯಾದ ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ ತೇಲಿಬಿಡಬಹುದು, ಕೆಲವು ಗಂಟೆಗೆ ಒಂದೆರಡು ಡಿಗ್ರಿಗಿಂತ ಹೆಚ್ಚು ಇಳಿಯದಂತೆ. ಇಷ್ಟಕ್ಕೂ ನಿಲ್ಲದಿದ್ದರೆ ಆ್ಯಂಟಿಬಯೋಟಿಕ್ ಬೇಕಾಗುತ್ತದೆ, ಅದು ಪಶುವೈದ್ಯರ ಮಾತಿನ ಮೇಲೆ.

ಇಲ್ಲಿ ನಮ್ಮಲ್ಲಿ ನಡೆಯುವ ತಪ್ಪನ್ನು ಹೇಳಲೇಬೇಕು. ಮನೆಯಲ್ಲಿ ಉಳಿದ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲನ್ನು ಒಡೆದು ಟ್ಯಾಂಕಿಗೆ ಸುರಿಯುವವರನ್ನು ನಾನು ಕಂಡಿದ್ದೇನೆ. ಮೊದಲನೆಯದಾಗಿ, ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಟೆಟ್ರಾಸೈಕ್ಲಿನ್ ಬಂಧಿಸಿಕೊಂಡು ಶಕ್ತಿ ಕಳೆದುಕೊಳ್ಳುತ್ತದೆ. ಮೀನಿಗೆ ಸಿಗುವುದು ಅರೆಬರೆ. ಅರೆಬರೆ ಪ್ರಮಾಣದಲ್ಲಿ ಸಾಯದ ಬ್ಯಾಕ್ಟೀರಿಯಾಗಳು ಆ ಔಷಧಕ್ಕೆ ಜಗ್ಗದಂತಾಗುತ್ತವೆ ಎಂದು ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಭಾಷಣದಲ್ಲೇ ಎಚ್ಚರಿಸಿದ್ದರು. ಎರಡನೆಯದಾಗಿ, ಆ ನೀರು ಕೊನೆಗೆ ಹೋಗುವುದು ಮನೆಯ ಮುಂದಿನ ಚರಂಡಿಗೆ. ಏರೊಮೊನಾಸ್ ಮನುಷ್ಯರ ಗಾಯಕ್ಕೂ ಸೋಂಕು ತರಬಲ್ಲದು. ಅಕ್ವೇರಿಯಂ ನೀರಿನಲ್ಲಿರುವ ಮೈಕೊಬ್ಯಾಕ್ಟೀರಿಯಂ ಮರೈನಮ್ ಎಂಬುದು ಕೈಯ ಗಾಯದೊಳಗೆ ಸೇರಿ ತಿಂಗಳುಗಟ್ಟಲೆ ವಾಸಿಯಾಗದ ಗಂಟು ತರುತ್ತದೆ. ಕೈಯಲ್ಲಿ ಗಾಯವಿದ್ದರೆ ಗ್ಲೌಸ್ ಹಾಕಿಕೊಂಡೇ ಟ್ಯಾಂಕಿಗೆ ಕೈ ಹಾಕಿ.

ಹೊಳೆಗೆ ಬಿಡಬೇಡಿ

ಕಾಯಿಲೆಯ ಮೀನನ್ನು ಸಾಯಲು ಬಿಡಲು ಮನಸ್ಸು ಬಾರದೆ ಹೆಗ್ಗೇರಿ ಕೆರೆಗೋ ತುಂಗಭದ್ರೆಗೋ ಬಿಡುವವರಿದ್ದಾರೆ. ಕರುಣೆಯಿಂದಲೇ ಮಾಡುತ್ತಾರೆ. ಆದರೆ ಸಾಪ್ರೊಲೆಗ್ನಿಯಾದ ಇನ್ನೊಬ್ಬ ದಾಯಾದಿ ಏನು ಮಾಡಿತೆಂದು ಕೇಳಿ. ಅಫನೋಮೈಸಿಸ್ ಇನ್ವಾಡಾನ್ಸ್ ಎಂಬ ನೀರಚ್ಚು ಮೀನಿನ ಮಾಂಸದೊಳಗೇ ಇಳಿದು ಕೆಂಪು ಹುಣ್ಣು ಮಾಡುತ್ತದೆ. 1988ರಲ್ಲಿ ಅದು ಭಾರತದ ಈಶಾನ್ಯ ರಾಜ್ಯಗಳಿಗೆ ಬಂತು, ಕೆಲವೇ ವರ್ಷಗಳಲ್ಲಿ ಕರ್ನಾಟಕದ ಹೊಳೆ ಕೆರೆಗಳನ್ನೂ ಮುಟ್ಟಿತು. ಮಂಗಳೂರಿನ ಮೀನುಗಾರಿಕೆ ಕಾಲೇಜಿನವರು ನಮ್ಮ ರಾಜ್ಯದಲ್ಲಿ ಅದನ್ನು ಅಧ್ಯಯನ ಮಾಡಿದರು. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ಅದಕ್ಕಾಗಿ ಸಿಫಾಕ್ಸ್ ಎಂಬ ಔಷಧ ತಯಾರಿಸಿತು. ಕೊಳಕ್ಕೆ ಸುಣ್ಣ ಹಾಕಿ, ಔಷಧ ಹಾಕಿ ತಡೆಯಬಹುದು. ಹರಿಯುವ ಹೊಳೆಗೆ ಯಾರು ಔಷಧ ಹಾಕುತ್ತಾರೆ? ಆ ನೀರಿನಲ್ಲಿ ಬಲೆ ಬೀಸಿ ಬದುಕುವ ಮನೆಗಳಿವೆ. ಸತ್ತ ಮೀನನ್ನು ಮಣ್ಣಿನಲ್ಲಿ ಹೂಳಿ. ಟಬ್ಬು, ಬಲೆಗಳನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಸಿ, ತೊಳೆದು, ಬಿಸಿಲಿಗೆ ಒಣಗಿಸಿ.

ಅನುಮಾನವಿದ್ದರೆ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಅಥವಾ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಬಹುದು. ಫೋಟೊ ತೆಗೆಯುವಾಗ ಮೀನಿನ ಜೊತೆಗೆ ಇಡೀ ಟ್ಯಾಂಕಿನದ್ದೂ ತೆಗೆಯಿರಿ. ಟ್ಯಾಂಕು ಎಷ್ಟು ಲೀಟರ್, ಎಷ್ಟು ಮೀನು, ಯಾವಾಗ ನೀರು ಬದಲಿಸಿದ್ದು, ಏನು ಹಾಕಿದ್ದು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ನಮ್ಮ ಪ್ರಯೋಗಾಲಯದ ಸೂಕ್ಷ್ಮದರ್ಶಕವೂ ಇದೆ. ಸತ್ತು ಬಹಳ ಹೊತ್ತಾದ ಮೀನನ್ನು ತರಬೇಡಿ, ಅದರ ಮೇಲೆ ಎಲ್ಲ ಬಗೆಯ ಬೂಷ್ಟೂ ಬೆಳೆದಿರುತ್ತದೆ, ರೋಗ ಯಾವುದೆಂದು ಹೇಳಲಾಗುವುದಿಲ್ಲ.

ಬಾಲ ಸೀಳಿದ ಮೀನು ಈಗ ಮತ್ತೆ ದೊಡ್ಡ ಟ್ಯಾಂಕಿನಲ್ಲಿದೆ. ಹೊಸದಾಗಿ ಬೆಳೆದ ಬಾಲ ಒಂದು ಬದಿಗೆ ಸ್ವಲ್ಪ ಸೊಟ್ಟ. ಟ್ಯಾಂಕಿನ ಪಕ್ಕದಲ್ಲಿ ನೀರು ಬದಲಿಸುವವರ ಪಾಳಿಯ ಚೀಟಿ ಅಂಟಿಸಿದ್ದೇವೆ, ಗುರುವಾರ ನನ್ನದು. ಮನೆಯ ಖಾಲಿ ಟ್ಯಾಂಕಿಗೆ ಕಳೆದ ತಿಂಗಳು ನೀರು ತುಂಬಿಸಿ, ಫಿಲ್ಟರ್ ಹಾಕಿ ಬಿಟ್ಟಿದ್ದೇನೆ. ಮೀನಿಲ್ಲದ ನೀರಿಗೆ ಚಿಟಿಕೆ ಚಿಟಿಕೆ ಆಹಾರ ಹಾಕುವುದನ್ನು ನೋಡಿ ತಮ್ಮ ನಗುತ್ತಾನೆ. ಇನ್ನೂ ಎರಡು ವಾರ ಬಾಕಿ ಇದೆ.